ಪೋಸ್ಟ್ ಹಾಕಿದಿರಿ, ಸ್ವೀಕೃತಿ ಪಡೆದಿರಾ?

2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ವೆಚ್ಚ 1,791 ಕೋಟಿ ರೂಪಾಯಿ. ಉರುಳಬೇಕಿದ್ದ ಮರಗಳು 812. ಇಷ್ಟು ದೊಡ್ಡ ಕೆಲಸದ ಬಗ್ಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಜನರ ಅಭಿಪ್ರಾಯ ಕೇಳಿದಾಗ ಬಂದ ಇಮೇಲ್‌ಗಳು ಮುನ್ನೂರನ್ನೂ ಮುಟ್ಟಲಿಲ್ಲ. ಬಂದವುಗಳಲ್ಲಿ ಹೆಚ್ಚಿನವು ಸೇತುವೆಯ ಪರವಾಗಿಯೇ ಇವೆ ಎಂದು ಪ್ರಾಧಿಕಾರ ಹೇಳಿತು. ಕೋಟಿ ಜನರ ಊರಿನಲ್ಲಿ ಮುನ್ನೂರು ಇಮೇಲ್!

ಆಮೇಲೆ ನಡೆದದ್ದು ಹಲವರಿಗೆ ನೆನಪಿದೆ. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಶ್‌ಟ್ಯಾಗ್ ಊರೆಲ್ಲ ಹಬ್ಬಿತು. ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ ಸಾವಿರಾರು ಜನ ಆ ರಸ್ತೆಯ ಉದ್ದಕ್ಕೂ ಕೈ ಕೈ ಹಿಡಿದು ನಿಂತರು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. ನಾಗರಿಕರೇ ಮತಪೆಟ್ಟಿಗೆ ಇಟ್ಟು ‘ಬೇಕೋ ಬೇಡವೋ’ ಎಂದು ಕೇಳಿದಾಗ 40 ಸಾವಿರಕ್ಕೂ ಹೆಚ್ಚು ಮಂದಿ ಮತ ಹಾಕಿದರು; ಬೇಡ ಎಂದವರೇ ಬಹುಪಾಲು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಈ ಗೆಲುವನ್ನು ಹ್ಯಾಶ್‌ಟ್ಯಾಗ್‌ನ ಗೆಲುವು ಎಂದು ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹ್ಯಾಶ್‌ಟ್ಯಾಗ್ ಜನರನ್ನು ಕೂಗಿ ಕರೆಯಿತು, ನಿಜ. ಆದರೆ ಬೆಳಿಗ್ಗೆ ಎದ್ದು ಬಂದು ರಸ್ತೆಯಲ್ಲಿ ನಿಂತ ಕಾಲುಗಳು, ಮತಪೆಟ್ಟಿಗೆಯ ಮುಂದೆ ಕುಳಿತು ಚೀಟಿ ಎಣಿಸಿದ ಕೈಗಳು, ನ್ಯಾಯಮಂಡಳಿಗೆ ಹೋದ ಅರ್ಜಿ, ಇವು ಇಲ್ಲದಿದ್ದರೆ ಅದು ಒಂದು ವಾರದ ಗದ್ದಲವಾಗಿ ಮುಗಿಯುತ್ತಿತ್ತು. ನನ್ನನ್ನು ಈಗಲೂ ಕಾಡುವುದು ಆ ಮುನ್ನೂರು ಇಮೇಲ್. ಬಾಗಿಲು ತೆರೆದಿದ್ದಾಗ ನಾವು ಅದರೊಳಗೆ ಹೋಗಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಬೀದಿಯಲ್ಲಿ ನಿಂತು ಕೂಗಬೇಕಾಯಿತು.

ಊರಿನ ಕೆಲಸಕ್ಕೆ ಇಳಿಯಬೇಕು ಎಂದು ಮನಸ್ಸಿದ್ದೂ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಫೋನಿನಲ್ಲೇ ನಿಂತುಬಿಟ್ಟ ಹುಡುಗ ಹುಡುಗಿಯರಿಗಾಗಿ ಈ ಬರಹ. ಯಾವ ಬಾಗಿಲು ಎಲ್ಲಿದೆ, ಯಾವಾಗ ತೆರೆದಿರುತ್ತದೆ, ಒಳಗೆ ಹೋದಾಗ ಕೈಯಲ್ಲಿ ಏನಿರಬೇಕು ಎಂಬುದನ್ನು ತಿಳಿದ ಮಟ್ಟಿಗೆ ಹೇಳುತ್ತೇನೆ.

ಲೈಕ್ ಒತ್ತಿದ ಕೈ ಅಲ್ಲೇ ನಿಲ್ಲುವುದೇಕೆ

ಸುಡಾನಿನ ಡಾರ್ಫರ್ ಪ್ರದೇಶದ ಹತ್ಯಾಕಾಂಡದ ವಿರುದ್ಧ ಫೇಸ್‌ಬುಕ್‌ನಲ್ಲಿ ಒಂದು ದೊಡ್ಡ ಗುಂಪು ಕಟ್ಟಲಾಗಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರು. ಆ ಗುಂಪಿನ ಒಟ್ಟು ದಾಖಲೆಯನ್ನು ಸಂಶೋಧಕರು ಕೂಲಂಕಷವಾಗಿ ನೋಡಿ 2014ರಲ್ಲಿ ಪ್ರಕಟಿಸಿದರು. ಸೇರಿದವರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿ ಆ ಗುಂಪಿನ ಮೂಲಕ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಬಹುಪಾಲು ಸದಸ್ಯರು ಇನ್ನೊಬ್ಬರನ್ನು ಸೇರಿಸಿಯೂ ಇರಲಿಲ್ಲ. ಅದೇ ವರ್ಷ ಕೆನಡಾದ ಸಂಶೋಧಕರು ಮತ್ತೊಂದು ಸಂಗತಿ ತೋರಿಸಿದರು. ಒಂದು ಉದ್ದೇಶಕ್ಕೆ ಎಲ್ಲರಿಗೂ ಕಾಣುವಂತೆ ಸಣ್ಣ ಬೆಂಬಲ ತೋರಿದವರು, ಮುಂದೆ ದೊಡ್ಡ ಸಹಾಯ ಕೇಳಿದಾಗ ಹಿಂದೆ ಸರಿಯುವುದು ಹೆಚ್ಚು. ಅದೇ ಬೆಂಬಲವನ್ನು ಯಾರಿಗೂ ಕಾಣದಂತೆ ತೋರಿದವರು ಮುಂದಿನ ಕೆಲಸಕ್ಕೂ ಕೈಹಾಕುವುದು ಹೆಚ್ಚು. ನಾಲ್ಕು ಜನ ನೋಡಿ ‘ಒಳ್ಳೆಯ ಹುಡುಗ’ ಎಂದರೆ ಮನಸ್ಸಿಗೆ ಕೆಲಸ ಮುಗಿದ ತೃಪ್ತಿ ಬಂದುಬಿಡುತ್ತದೆ. ಚರಂಡಿ ಮಾತ್ರ ಕಟ್ಟಿಕೊಂಡೇ ಇರುತ್ತದೆ.

ಇದನ್ನು ಹೇಳಿದ ಮಾತ್ರಕ್ಕೆ ಇಂದಿನ ಪೀಳಿಗೆಯನ್ನು ಬೈಯುವ ಮನಸ್ಸು ನನಗಿಲ್ಲ. ಹಿಂದಿನವರಿಗೆ ಫೋನ್ ಇರಲಿಲ್ಲ, ಆದ್ದರಿಂದ ಅಡ್ಡದಾರಿಯೂ ಇರಲಿಲ್ಲ, ಅಷ್ಟೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಯುವಕ ಮಂಡಳಿಯವರು ಕಳಸೆ ಕಾಡಿನಲ್ಲಿ ಮರಗಳನ್ನು ತಬ್ಬಿಕೊಂಡು ನಿಂತಾಗ ಅಪ್ಪಿಕೋ ಚಳವಳಿ ಹುಟ್ಟಿತು. ಅವರು ಮೊದಲ ದಿನವೇ ಕಾಡಿಗೆ ಹೋದವರಲ್ಲ. ಮೊದಲು ಅರಣ್ಯ ಇಲಾಖೆಗೆ ಬರೆದರು, ಫಲ ಸಿಗಲಿಲ್ಲ. ಆಮೇಲೆ ಮನೆಮನೆಯವರನ್ನೂ ಕರೆದುಕೊಂಡು ನಡೆದರು. ಒಂದು ದಿನ ನಿಂತು ಫೋಟೊ ತೆಗೆಸಿಕೊಂಡು ಬಂದದ್ದಲ್ಲ, ಆ ಹೋರಾಟ 38 ದಿನ ನಡೆಯಿತು. ಮನೆಯ ಕೊಟ್ಟಿಗೆ ಕೆಲಸ, ಅಡಿಕೆ ತೋಟ, ಮಕ್ಕಳ ಶಾಲೆ, ಮಳೆ, ಎಲ್ಲದರ ನಡುವೆ 38 ದಿನ. ಸರದಿ ಹಾಕಿಕೊಳ್ಳದೆ ಇದು ಸಾಧ್ಯವೇ ಇಲ್ಲ. ಇಂದು ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ ಇರಬಹುದು. ಸರದಿಗೆ ಹೆಸರು ಕೊಡುವವರು ಎಷ್ಟು ಮಂದಿ ಎಂದು ಒಮ್ಮೆ ಕೇಳಿ ನೋಡಿ. ಏಳು ಜನ ಸಿಕ್ಕರೆ ಸಾಕು, ಆ ಏಳು ಜನರೇ ನಿಮ್ಮ ಸಂಘ.

ಯಾರ ಬಾಗಿಲು ಬಡಿಯಬೇಕು

ಮುಕ್ಕಾಲು ಪಾಲು ಯುವಕರ ಉತ್ಸಾಹ ಇಳಿಯುವುದು ಇಲ್ಲಿಯೇ. ಪಂಚಾಯಿತಿಗೆ ಹೋದರೆ ‘ಇದು ನಮ್ಮದಲ್ಲ’, ತಾಲ್ಲೂಕು ಕಚೇರಿಗೆ ಹೋದರೆ ‘ಅದು ಪಂಚಾಯಿತಿಯದು’. ರೋಸಿ ಹೋಗಿ ವಿಡಿಯೊ ಮಾಡಿ ಹಾಕುತ್ತಾರೆ. ವಿಡಿಯೊದಲ್ಲಿ ಮುಖ್ಯಮಂತ್ರಿಯಿಂದ ಹಿಡಿದು ಪ್ರಧಾನಿಯವರೆಗೆ ಎಲ್ಲರಿಗೂ ಟ್ಯಾಗ್. ಕೆಲಸ ಮಾಡಬೇಕಾದ ಸಹಾಯಕ ಎಂಜಿನಿಯರ್‌ಗೆ ಮಾತ್ರ ಅದು ಗೊತ್ತೇ ಆಗಿರುವುದಿಲ್ಲ.

ರಸ್ತೆ ಎಂದರೆ ಒಂದೇ ರಸ್ತೆಯಲ್ಲ. ಊರೊಳಗಿನ ಬೀದಿ ಪಂಚಾಯಿತಿಯದು, ಊರೂರು ಕೂಡಿಸುವ ರಸ್ತೆ ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗದ್ದಿರಬಹುದು, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಬೀದಿದೀಪದಲ್ಲಿ ಕಂಬ ವಿದ್ಯುತ್ ಕಂಪನಿಯದು, ದೀಪದ ನಿರ್ವಹಣೆ ಪಂಚಾಯಿತಿ ಅಥವಾ ಪುರಸಭೆಯದು. ಬಸ್ಸಿನ ವೇಳೆ ಬದಲಾಗಬೇಕಾದರೆ ಡಿಪೊ ಮ್ಯಾನೇಜರ್, ಹೊಸ ಮಾರ್ಗವೇ ಬೇಕಾದರೆ ವಿಭಾಗೀಯ ನಿಯಂತ್ರಣಾಧಿಕಾರಿ. ಇದು ತಿಳಿಯದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರನ್ನೇ ಕೇಳಿ: ‘ಸಾರ್, ಇದು ನಿಮ್ಮದಲ್ಲದಿದ್ದರೆ ಯಾರದು ಅಂತ ಬರೆದುಕೊಡಿ.’ ಬರೆದುಕೊಡಿ ಎಂಬ ಮಾತಿಗೆ ಬಾಯಿಮಾತಿಗಿಲ್ಲದ ತೂಕವಿದೆ. ಹಾಗೆ ಬರೆದುಕೊಟ್ಟದ್ದನ್ನೇ ಹಿಂಬರಹ ಎನ್ನುತ್ತಾರೆ. ಮುಂದಿನ ಕಚೇರಿಗೆ ಹೋಗುವಾಗ ಅದೇ ನಿಮ್ಮ ಟಿಕೆಟ್ಟು.

ಫೋನಿನಲ್ಲೇ ಶುರುಮಾಡುವುದಾದರೆ ದೂರು ದಾಖಲಾಗುವ ಕಡೆ ಶುರುಮಾಡಿ. ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆಯ ಸಹಾಯವಾಣಿ 1902. ಬೆಸ್ಕಾಂ ವ್ಯಾಪ್ತಿಯಲ್ಲಿ ಕರೆಂಟಿನ ದೂರಿಗೆ 1912. ಮಕ್ಕಳ ತೊಂದರೆಗೆ 1098. ಇಲ್ಲಿ ದೂರಿಗೆ ಒಂದು ಸಂಖ್ಯೆ ಸಿಗುತ್ತದೆ. ವಿಡಿಯೊ ಹಾಕುವ ಮೊದಲು ಆ ಸಂಖ್ಯೆ ಪಡೆಯಿರಿ. ಆಮೇಲೆ ವಿಡಿಯೊದಲ್ಲಿ ಅದನ್ನೇ ದೊಡ್ಡದಾಗಿ ತೋರಿಸಿ. ಇಂಥ ದಿನ, ಇಂಥ ಸಂಖ್ಯೆಯ ದೂರು, ಇಷ್ಟು ದಿನವಾಯಿತು ಎಂದು ಹೇಳುವ ವಿಡಿಯೊವನ್ನು ಅಧಿಕಾರಿ ತಳ್ಳಿಹಾಕುವುದು ಕಷ್ಟ.

ಎರಡು ಪ್ರತಿ, ಒಂದು ಮುದ್ರೆ

ಅರ್ಜಿ ಒಂದೇ ಪುಟದಲ್ಲಿರಲಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ. ಊರಿನ ಇತಿಹಾಸ, ನಾಯಕರ ಹೊಗಳಿಕೆ, ಸಿಟ್ಟು, ಇವು ಯಾವುವೂ ಬೇಡ. ಎಲ್ಲಿ, ಏನು, ಯಾವಾಗಿನಿಂದ, ಎಷ್ಟು ಜನರಿಗೆ ತೊಂದರೆ, ಏನು ಮಾಡಬೇಕು ಎಂಬುದಷ್ಟೇ. ಫೋಟೊ ಲಗತ್ತಿಸಿ, ತಾರೀಖು ಬರೆಯಿರಿ. ಎರಡು ಪ್ರತಿ ತೆಗೆದುಕೊಂಡು ಹೋಗಿ ಒಂದನ್ನು ಟಪಾಲು ವಿಭಾಗಕ್ಕೆ ಕೊಡಿ, ಇನ್ನೊಂದರ ಮೇಲೆ ಕಚೇರಿಯ ಮುದ್ರೆ, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಅದೇ ಸ್ವೀಕೃತಿ. ‘ಇಟ್ಟು ಹೋಗಿ, ನೋಡ್ತೀವಿ’ ಎಂದರೆ ಇಟ್ಟು ಬರಬೇಡಿ. ಜಗಳವೂ ಬೇಡ. ‘ಸಾರ್, ಸಂಘದವರಿಗೆ ತೋರಿಸಬೇಕು, ಸೀಲ್ ಹಾಕಿಕೊಡಿ’ ಎಂದು ನಿಂತರೆ ಸಾಕು. ಅಷ್ಟಾದರೂ ಕೊಡದಿದ್ದರೆ ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳುಹಿಸಿ.

ನಾನು ಹತ್ತಿರದಿಂದ ಕಂಡ ಒಂದು ಹಳ್ಳಿಯ ಕಥೆ ಹೇಳುತ್ತೇನೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಅಲ್ಲಿಯ ಬೆಳಗಿನ ಬಸ್ಸು ತುಂಬಿ ತುಳುಕಿ, ಕಾಲೇಜಿನ ಮಕ್ಕಳು ಫುಟ್‌ಬೋರ್ಡಿನಲ್ಲಿ ಜೋತಾಡಿಕೊಂಡು ಹೋಗುತ್ತಿದ್ದರು. ಹೆಣ್ಣುಮಕ್ಕಳು ಹತ್ತಲಾಗದೆ ಮನೆಗೆ ಮರಳಿದ ದಿನಗಳೂ ಇದ್ದವು. ವಿಡಿಯೊ ಮಾಡಿ ಹಾಕಿದರು. ಸಾವಿರಾರು ಜನ ನೋಡಿದರು, ಅಯ್ಯೋ ಎಂದರು. ಒಬ್ಬ ಸ್ಥಳೀಯ ವರದಿಗಾರರು ಸುದ್ದಿಯನ್ನೂ ಮಾಡಿದರು. ಒಂದು ದಿನ ಹೆಚ್ಚುವರಿ ಬಸ್ಸು ಬಂತು, ಮರುದಿನ ಇಲ್ಲ.

ಆಗ ಡಿಗ್ರಿ ಎರಡನೇ ವರ್ಷದ ಒಬ್ಬ ಹುಡುಗಿ ಒಂದು ನೋಟ್‌ಬುಕ್ಕು ತೆಗೆದುಕೊಂಡಳು. ಎರಡು ವಾರ, ದಿನಾ ಬೆಳಿಗ್ಗೆ, ಸರದಿಯ ಮೇಲೆ ಇಬ್ಬರು ನಿಲ್ದಾಣದಲ್ಲಿ ನಿಂತು ಬರೆದರು: ಬಸ್ಸು ಬಂದ ಹೊತ್ತು, ಹತ್ತಿದವರೆಷ್ಟು, ಉಳಿದವರೆಷ್ಟು, ಅವರಲ್ಲಿ ವಿದ್ಯಾರ್ಥಿಗಳೆಷ್ಟು, ಯಾವ ಕಾಲೇಜು, ತರಗತಿ ಎಷ್ಟು ಗಂಟೆಗೆ. ಆ ಪಟ್ಟಿ ನೋಡಿದ ಮೇಲೆ ಅವರಿಗೇ ಹೊಸದೊಂದು ತಿಳಿಯಿತು. ಅರ್ಧ ಗಂಟೆ ಮೊದಲೇ ಹೋಗುವ ಇನ್ನೊಂದು ಬಸ್ಸು ಮುಕ್ಕಾಲು ಖಾಲಿ ಹೋಗುತ್ತಿತ್ತು, ಏಕೆಂದರೆ ಅದು ಯಾವ ಕಾಲೇಜಿನ ಹೊತ್ತಿಗೂ ಹೊಂದುತ್ತಿರಲಿಲ್ಲ. ಹೊಸ ಬಸ್ಸು ಕೊಡಿ ಎಂದಿದ್ದ ಅರ್ಜಿ, ಆ ಬಸ್ಸನ್ನು ಇಪ್ಪತ್ತು ನಿಮಿಷ ತಡಮಾಡಿ ಬಿಡಿ ಎಂದಾಯಿತು. ಎರಡು ಕಾಲೇಜಿನ ಪ್ರಾಂಶುಪಾಲರ ಸಹಿ, ಪಂಚಾಯಿತಿ ಅಧ್ಯಕ್ಷೆಯ ಪತ್ರ, ಎಣಿಕೆಯ ಪಟ್ಟಿ, ಮೂರನ್ನೂ ಲಗತ್ತಿಸಿ ಕೊಟ್ಟರು. ಒಮ್ಮೆಗೇ ಆಗಲಿಲ್ಲ, ನಾಲ್ಕು ಬಾರಿ ಹೋದರು. ಕೊನೆಗೆ ವೇಳೆ ಬದಲಾಯಿತು. ನೂಕುನುಗ್ಗಲು ಪೂರ್ತಿ ಹೋಗಿಲ್ಲ. ಆದರೆ ಬಸ್ಸು ಸಿಗದೆ ಮನೆಗೆ ಮರಳುವ ಹುಡುಗಿ ಈಗ ಇಲ್ಲ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ನೋಟ್‌ಬುಕ್ಕು. ತೊಂದರೆಯ ವಿಡಿಯೊ ನೋಡಿದವರಿಗೆ ಮರುಕ ಹುಟ್ಟುತ್ತದೆ. ತೊಂದರೆಯ ಲೆಕ್ಕ ಬರೆದವರಿಗೆ ದಾರಿ ಹೊಳೆಯುತ್ತದೆ.

ಗ್ರಾಮಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂರಬೇಡಿ

ಹದಿನೆಂಟು ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಹಳ್ಳಿಗರೂ ಗ್ರಾಮಸಭೆಯ ಸದಸ್ಯರು. ಯಾರೂ ಆಮಂತ್ರಣ ಕೊಡಬೇಕಾಗಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ವಾರ್ಡ್ ಸಭೆಯ ಕೋರಂಗೆ ಬೇಕಾದದ್ದು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ಇಪ್ಪತ್ತು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇಪ್ಪತ್ತು ಜನ! ನಿಮ್ಮ ಕ್ರಿಕೆಟ್ ತಂಡದವರು, ಅವರ ಅಕ್ಕತಂಗಿಯರು ಬಂದರೂ ಸಭೆ ತುಂಬುತ್ತದೆ. ಬೀದಿಗೆ ಯಾವ ಕಾಮಗಾರಿ ಬೇಕು, ಮನೆ ಯಾರಿಗೆ ಸಿಗಬೇಕು ಎಂಬ ಪಟ್ಟಿ ಹುಟ್ಟುವುದು ಇಲ್ಲಿ. ಇಲ್ಲಿ ಹುಟ್ಟದ ಬೇಡಿಕೆ ಕ್ರಿಯಾ ಯೋಜನೆಗೆ ಹೋಗುವುದು ಕಷ್ಟ. ಕ್ರಿಯಾ ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಹಣ ಬರುವುದಿಲ್ಲ.

ಡಂಗುರ ಸಾರಿದ್ದು ನಿಮಗೆ ಕೇಳಿಸದೆ ಹೋಗಬಹುದು. ಪಂಚಾಯಿತಿ ಕಚೇರಿಯ ಸೂಚನಾ ಫಲಕ ನೋಡುವ ಕೆಲಸವನ್ನು ವಾರಕ್ಕೊಬ್ಬರಂತೆ ಹಂಚಿಕೊಳ್ಳಿ. ಫಲಕದ ಫೋಟೊ ತೆಗೆದು ಊರಿನ ಗುಂಪಿಗೆ ಹಾಕಿ. ವಾಟ್ಸಾಪ್‌ನಿಂದ ಊರಿಗೆ ಆಗಬಹುದಾದ ದೊಡ್ಡ ಉಪಕಾರ ಇದೇ. ಸಭೆಯ ಹಿಂದಿನ ವಾರ ಮನೆಮನೆಗೆ ಹೋಗಿ ಕೇಳಿ. ಒಂದೇ ಬೇಡಿಕೆಯನ್ನು ಹತ್ತು ಜನ ಹತ್ತು ರೀತಿ ಹೇಳಿದರೆ ಗಲಾಟೆಯಾಗುತ್ತದೆ. ಮೂರು ಬೇಡಿಕೆ ಆರಿಸಿ, ಯಾರು ಯಾವುದನ್ನು ಹೇಳಬೇಕೆಂದು ಮೊದಲೇ ಗೊತ್ತುಮಾಡಿ.

ಸಭೆ ಮುಗಿದ ಮೇಲೆ ಎದ್ದು ಬರಬೇಡಿ. ನೀವು ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಓದಿ ನೋಡಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಹಾಜರಾತಿ ಸಹಿ ಹಾಕಿಸಿಕೊಂಡು ನಂತರ ಬರೆದುಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಅಲ್ಲಿ ‘ಮೊದಲು ಬರೆಯಿರಿ’ ಎಂದು ಗಟ್ಟಿಯಾಗಿ ಹೇಳುವ ಒಬ್ಬರಾದರೂ ಬೇಕು.

ಯುವಕರ ಗುಂಪುಗಳು ಎಡವುವ ಇನ್ನೊಂದು ಕಡೆಯಿದೆ. ‘ಊರಿನ ಯುವಕರು’ ಎಂದು ಹೆಸರಿಟ್ಟುಕೊಂಡು ಒಂದೇ ಬೀದಿಯ, ಒಂದೇ ಜಾತಿಯ ಗಂಡುಹುಡುಗರು ಸೇರಿದ್ದರೆ ಅದು ಊರಲ್ಲ. ನಿಮ್ಮ ಸಭೆಯನ್ನು ಯಾರದೋ ಮನೆಯ ಜಗುಲಿಯಲ್ಲಿ, ಗುಡಿಯ ಆವರಣದಲ್ಲಿ ಇಟ್ಟರೆ ಕೇರಿಯ ಹುಡುಗರು ಬರಲು ಹಿಂಜರಿಯುತ್ತಾರೆ, ಕೆಲವೆಡೆ ಬರಲು ಬಿಡುವುದೂ ಇಲ್ಲ. ಶಾಲೆ, ಗ್ರಂಥಾಲಯ, ಅಂಬೇಡ್ಕರ್ ಭವನ, ಇಂಥ ಕಡೆ ಕೂಡಿ. ಸಂಜೆ ಏಳಕ್ಕೆ ಬದಲು ಭಾನುವಾರ ಮಧ್ಯಾಹ್ನ ಕೂಡಿದರೆ ಹೆಣ್ಣುಮಕ್ಕಳು ಬರುತ್ತಾರೆ. ಅವರ ನಂಬರನ್ನು ಕೇಳದೆ ಗುಂಪಿಗೆ ಸೇರಿಸಬೇಡಿ. ಮನೆಯಲ್ಲಿ ‘ಕೇಸು ಗೀಸು ಬಿದ್ದರೆ ಏನು ಗತಿ’ ಎಂದು ಅಪ್ಪ ಅಮ್ಮ ಹೆದರುವುದು ಸಹಜ. ಒಮ್ಮೆ ಅವರನ್ನೂ ಸಭೆಗೆ ಕರೆದು ಕೂರಿಸಿ, ಅರ್ಜಿ ಬರೆಯುವುದನ್ನು ನೋಡಲಿ.

ಹದಿನೆಂಟು ತುಂಬದವರಿಗೆ ಮಕ್ಕಳ ಗ್ರಾಮಸಭೆ ಇದೆ. ಶಾಲೆಯ ಶೌಚಾಲಯದ ಬಾಗಿಲು, ಅಂಗನವಾಡಿಯ ಸೋರುವ ಸೂರು, ಶಾಲೆ ದಾರಿಯ ಮದ್ಯದಂಗಡಿ, ಇವನ್ನು ಮಕ್ಕಳೇ ಎದ್ದುನಿಂತು ಹೇಳಿದಾಗ ಸದಸ್ಯರು ತಲೆ ತಗ್ಗಿಸುವುದನ್ನು ಕಂಡಿದ್ದೇನೆ. ಹೈಸ್ಕೂಲು ಮಕ್ಕಳ ಜೊತೆ ಕೂತು ಪ್ರಶ್ನೆ ಬರೆಯಲು ನೆರವಾಗಿ, ಮಾತು ಮಾತ್ರ ಅವರದೇ ಆಗಿರಲಿ. ಹದಿನೇಳು ದಾಟಿದವರು ಮತದಾರರ ಪಟ್ಟಿಗೆ ಮುಂಗಡವಾಗಿಯೇ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳು ಅರ್ಹತೆಯ ದಿನಗಳು. ಮುಂದಿನ ಜನವರಿಯವರೆಗೆ ಕಾಯಬೇಕಿಲ್ಲ.

ನೂರೈವತ್ತು ಪದಗಳಲ್ಲಿ ಕೇಳಿ

2005ರ ಮಾಹಿತಿ ಹಕ್ಕು ಕಾಯ್ದೆಯ ಹೆಸರು ಎಲ್ಲರಿಗೂ ಗೊತ್ತು, ಅರ್ಜಿ ಹಾಕಿದವರು ಕಡಿಮೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಇದು ತಿಳಿಯದೆ ನಾಲ್ಕು ಪುಟ ಬರೆದ ಅರ್ಜಿಗಳು ಅಷ್ಟಕ್ಕೇ ತಿರಸ್ಕೃತವಾಗುತ್ತವೆ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಸಾಕು, ಸರ್ಕಾರದ ಜಾಲತಾಣದ ಮೂಲಕವೂ ಹಾಕಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಈ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅಥವಾ ಬಂದದ್ದು ಸಾಲದಿದ್ದರೆ ನಂತರದ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಫಲ ಕೊಡದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ಪ್ರಕರಣಗಳು ಬಹಳ ಕಾಲ ಕಾಯುತ್ತವೆ. ಆದ್ದರಿಂದ ಮೊದಲ ಅರ್ಜಿಯನ್ನೇ ಬಿಗಿಯಾಗಿ ಬರೆಯಿರಿ.

ಬಿಗಿ ಎಂದರೆ ಹೀಗೆ. ‘ನಮ್ಮೂರ ಚರಂಡಿ ಏಕೆ ಕಳಪೆಯಾಗಿದೆ?’ ಎಂದು ಕೇಳಬೇಡಿ. ಏಕೆ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆಯನ್ನು ಕಾಯ್ದೆ ಹೊರಿಸಿಲ್ಲ, ಕಚೇರಿಯಲ್ಲಿರುವ ದಾಖಲೆಯನ್ನು ಕೊಡಿ ಎನ್ನುತ್ತದೆ. ‘ಇಂಥ ಸಾಲಿನಲ್ಲಿ ಇಂಥ ಗ್ರಾಮದ ಇಂಥ ಬೀದಿಯಲ್ಲಿ ಆದ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಯಾದ ಬಿಲ್ಲುಗಳು, ಇವುಗಳ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. ಅಂದಾಜು ಪಟ್ಟಿಯಲ್ಲಿ ಎಷ್ಟು ಮೀಟರ್ ಎಂದಿದೆ, ಅಳತೆ ಪುಸ್ತಕದಲ್ಲಿ ಎಷ್ಟು ಎಂದಿದೆ, ನೆಲದ ಮೇಲೆ ಎಷ್ಟಿದೆ, ಮೂರನ್ನೂ ಟೇಪು ಹಿಡಿದು ನೋಡಿ. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಮೂರು ಲೆಕ್ಕ ಹೊಂದದಿದ್ದರೆ ಅದನ್ನು ಮೊದಲು ಗ್ರಾಮಸಭೆಯಲ್ಲಿ ಓದಿ, ಆಮೇಲೆ ಬೇಕಾದರೆ ಫೋನಿನಲ್ಲಿ ಹಂಚಿ.

ಒಂದು ಎಚ್ಚರಿಕೆಯನ್ನು ಮನಸ್ಸಿಟ್ಟು ಹೇಳುತ್ತೇನೆ. ಹಣದ ಲೆಕ್ಕ ಕೇಳಿದವರ ಮೇಲೆ ಈ ದೇಶದಲ್ಲಿ ಹಲ್ಲೆಗಳಾಗಿವೆ, ಕೊಲೆಗಳೂ ಆಗಿವೆ. ಒಬ್ಬರೇ ಊರಿನ ಎಲ್ಲ ಅರ್ಜಿ ಹಾಕಬೇಡಿ. ಬೇರೆ ಬೇರೆಯವರ ಹೆಸರಿನಲ್ಲಿ ಹೋಗಲಿ. ಬಂದ ಉತ್ತರದ ಪ್ರತಿ ಮೂರು ಮನೆಗಳಲ್ಲಿರಲಿ. ನಿವೃತ್ತ ಮೇಷ್ಟ್ರು, ವಕೀಲರು, ಪತ್ರಕರ್ತರು, ಹೀಗೆ ಊರು ಗೌರವಿಸುವ ಒಬ್ಬ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ. ಊರಿನಲ್ಲಿರುವವರು ಹೆದರಬೇಕಾದಂಥ ವಿಷಯವಾದರೆ ಊರು ಬಿಟ್ಟವರು ಮುಂದೆ ಬನ್ನಿ. ಬೆಂಗಳೂರಿನಲ್ಲೋ ದುಬೈನಲ್ಲೋ ಕುಳಿತು ಊರಿನ ಗುಂಪಿನಲ್ಲಿ ‘ನಮ್ಮೂರು ಸುಧಾರಿಸಲ್ಲ’ ಎಂದು ಬರೆಯುವ ಅಣ್ಣಂದಿರಿಗೆ ಹೇಳಬೇಕಾದ ಮಾತು ಇದೇ. ಭಾರತದ ಪೌರರು ಎಲ್ಲಿದ್ದರೂ ಮಾಹಿತಿ ಕೇಳಬಹುದು. ಅರ್ಜಿ ಟೈಪು ಮಾಡುವುದು, ಪಂಚಾಯಿತಿಯ ಜಮಾಖರ್ಚು ಓದಿ ಅರ್ಥ ಹೇಳುವುದು, ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕುವುದು, ಇವಿಷ್ಟೂ ಕುರ್ಚಿಯಿಂದ ಏಳದೆ ಮಾಡಬಹುದಾದ ನಿಜವಾದ ಕೆಲಸಗಳು.

ದೊಡ್ಡ ಯೋಜನೆಗಳ ವಿಷಯದಲ್ಲಿ ಇನ್ನೊಂದು ಬಾಗಿಲಿದೆ. ಪರಿಸರ ಅನುಮತಿ ಬೇಕಾದ ಹಲವು ಗಣಿ, ಕಾರ್ಖಾನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಬರುತ್ತದೆ, ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಗ್ರಂಥಾಲಯಕ್ಕೆ ಹೋಗುವ ಹುಡುಗರು ಸಿನಿಮಾ ಪುಟದ ಜೊತೆ ಆ ಮೂಲೆಯನ್ನೂ ನೋಡಲಿ. ಸಭೆಯಲ್ಲಿ ಮಾತಾಡಲು ನಾಲಿಗೆ ತೊದಲಿದರೂ ಚಿಂತೆಯಿಲ್ಲ. ಲಿಖಿತವಾಗಿ ಕೊಟ್ಟ ಆಕ್ಷೇಪಣೆ ಕಡತಕ್ಕೆ ಸೇರುತ್ತದೆ. ಸರ್ಕಾರದ ಕರಡು ಅಧಿಸೂಚನೆಗಳ ಕೊನೆಯಲ್ಲೂ ಆಕ್ಷೇಪಣೆ, ಸಲಹೆಗೆ ಕೊನೆಯ ದಿನ ಇರುತ್ತದೆ. ಆ ದಿನ ದಾಟಿದ ಮೇಲಿನ ಹತ್ತು ಸಾವಿರ ಪೋಸ್ಟಿಗಿಂತ ದಾಟುವ ಮೊದಲಿನ ಹತ್ತು ಪತ್ರ ಮೇಲು.

ಫಾರ್ವರ್ಡ್ ಮಾಡುವ ಮುನ್ನ

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ನಂಬಿ ಜನ ಕಾರಿನಲ್ಲಿ ಬಂದವರನ್ನು ಹೊಡೆದರು. ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಸತ್ತರು. ಅದಕ್ಕೂ ಎರಡು ತಿಂಗಳ ಹಿಂದೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇಂಥದ್ದೇ ವದಂತಿ ಕೂಲಿ ಅರಸಿ ಬಂದ ರಾಜಸ್ಥಾನದ ಒಬ್ಬ ಯುವಕನನ್ನು ಬಲಿ ತೆಗೆದುಕೊಂಡಿತು. ಆ ಸಂದೇಶ ಕಳುಹಿಸಿದ ಹೆಚ್ಚಿನವರು ತಾವು ಊರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದುಕೊಂಡಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಎದೆ ನಡುಗುತ್ತದೆ. ಕಾಳಜಿಯೇ ಒಬ್ಬನನ್ನು ಕೊಂದಿತು.

ರಕ್ತ ಬೇಕು ಎಂಬ ಸಂದೇಶ ಬಂದರೆ ಮೊದಲು ತಾರೀಖು ನೋಡಿ, ಕೊಟ್ಟಿರುವ ನಂಬರಿಗೆ ಕರೆ ಮಾಡಿ, ರೋಗಿ ಇನ್ನೂ ಆಸ್ಪತ್ರೆಯಲ್ಲಿದ್ದಾರೆಯೇ ಕೇಳಿ. ವರ್ಷಗಟ್ಟಲೆ ಹಳೆಯ ಸಂದೇಶಗಳು ಇನ್ನೂ ಸುತ್ತುತ್ತಿವೆ, ಮಗು ಕಳೆದುಕೊಂಡ ಮನೆಗೂ ಕರೆ ಹೋಗುತ್ತಿವೆ. ಅದಕ್ಕಿಂತ ಒಳ್ಳೆಯದು, ನಿಮ್ಮ ತಾಲ್ಲೂಕಿನ ದಾನಿಗಳ ಪಟ್ಟಿಯನ್ನು ನೀವೇ ಇಟ್ಟುಕೊಳ್ಳುವುದು. ಹದಿನೆಂಟು ತುಂಬಿದ, 45 ಕಿಲೋಗಿಂತ ಕಡಿಮೆ ತೂಕವಿಲ್ಲದ ಆರೋಗ್ಯವಂತರು ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಬಿಡುವು ಬೇಕು. ಯಾರು ಯಾವಾಗ ಕೊಟ್ಟರು ಎಂಬ ತಾರೀಖನ್ನು ಪಟ್ಟಿಯಲ್ಲಿ ಬರೆಯಿರಿ.

ನೆರೆ ಬಂದಾಗಲೂ ಹಾಗೆಯೇ. ಹಳೆ ಬಟ್ಟೆಯ ಮೂಟೆಗಳು ಪರಿಹಾರ ಕೇಂದ್ರದ ಹೊರಗೆ ಮಳೆಯಲ್ಲಿ ನೆನೆದು ಕೊಳೆಯುತ್ತವೆ, ಒಳಗೆ ಹೆಣ್ಣುಮಕ್ಕಳಿಗೆ ಒಳಉಡುಪು, ಸ್ಯಾನಿಟರಿ ಪ್ಯಾಡ್ ಇರುವುದಿಲ್ಲ. ಲಾರಿ ತುಂಬುವ ಮೊದಲು ಕೇಂದ್ರದಲ್ಲಿರುವವರಿಗೆ ಒಂದು ಫೋನು ಮಾಡಿ, ಏನು ಬೇಕು, ಏನು ಬೇಡ ಎಂದು ಕೇಳಿ. ನೆರೆ ಇಳಿದ ಮೇಲೆ, ಎಲ್ಲರೂ ಮರೆತ ಮೇಲೆ, ಮನೆಯೊಳಗಿನ ಕೆಸರು ಎತ್ತಲು ಬೇಕಾಗುವುದು ಕೈಗಳು.

ಪ್ರತಿಭಟನೆಗೆ ಇಳಿಯುವುದಾದರೆ ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಫ್ರೀಡಂ ಪಾರ್ಕ್ ಒಂದೇ ಜಾಗ, ಪೊಲೀಸರಿಗೆ ಮೊದಲೇ ಅರ್ಜಿ ಕೊಡಬೇಕು. ಬೇರೆ ಊರುಗಳಲ್ಲೂ ಠಾಣೆಗೆ ಬರೆದು ತಿಳಿಸಿ, ಅದಕ್ಕೂ ಸ್ವೀಕೃತಿ ಪಡೆಯಿರಿ. ಒಂದು ದಿನದ ಕೂಗಿಗಿಂತ ಹಿಂದಿನ ಅರ್ಜಿಗಳ ಕಂತೆ ಕೈಯಲ್ಲಿದ್ದರೆ ತಹಶೀಲ್ದಾರರು ಹೊರಬಂದು ಮಾತಾಡುವ ರೀತಿಯೇ ಬೇರೆ.

ಇಷ್ಟೆಲ್ಲ ನಿಮಗೆ ದೊಡ್ಡದಾಗಿ ಕಂಡರೆ ಇನ್ನೂ ಸಣ್ಣದರಿಂದ ಶುರುಮಾಡಿ. ನಾಡಕಚೇರಿಯಲ್ಲಿ ಪಿಂಚಣಿಗೋ ಜಾತಿ ಪ್ರಮಾಣಪತ್ರಕ್ಕೋ ಬಂದ ಅಜ್ಜ ಅಜ್ಜಿಯರ ಜೊತೆ ತಿಂಗಳಿಗೆ ಒಂದು ದಿನ ನಿಲ್ಲಿ. ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಹದಿನೈದು ಅಂಕಿಗಳ ಸಕಾಲ ಸಂಖ್ಯೆ ಸಿಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಅಜ್ಜಿಗೆ ಆ ಚೀಟಿ ಕೊಡಿಸಿ, ಕೊನೆಯ ದಿನ ಯಾವುದೆಂದು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಸರ್ಕಾರಿ ಕಚೇರಿ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆಯೇ, ಸಾಲಿನಲ್ಲಿ ನಿಂತು. ಕಾಲೇಜಿನಲ್ಲಿ ಎನ್ಎಸ್ಎಸ್ ಸೇರಿದವರಿಗೆ ವರ್ಷಕ್ಕೆ 120 ಗಂಟೆ ಸೇವೆಯ ಲೆಕ್ಕವಿದೆ. ಅದನ್ನು ಕ್ಯಾಂಪಸ್ಸಿನ ಹುಲ್ಲು ಕೀಳುವುದರಲ್ಲೇ ಮುಗಿಸಬೇಡಿ ಎಂದು ಕಾರ್ಯಕ್ರಮಾಧಿಕಾರಿಗಳನ್ನು ವಿನಯದಿಂದ ಕೇಳಿ.

ಕಡತ ಯಾರ ಬಳಿ ಇರಬೇಕು

ಉಕ್ಕಿನ ಸೇತುವೆ ಬೇಡ ಎಂದ ಅದೇ ಜನ 2016ರ ಡಿಸೆಂಬರಿನಲ್ಲಿ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿ ನಿಂತರು. ಕೇಂದ್ರ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2020ರ ಅಕ್ಟೋಬರಿನಲ್ಲಿ. ಶಂಕುಸ್ಥಾಪನೆಯಾದದ್ದು 2022ರ ಜೂನ್‌ನಲ್ಲಿ. ಬೇಡ ಎನ್ನುವುದು ತಿಂಗಳುಗಳ ಕೆಲಸವಾದರೆ ಬೇಕು ಎನ್ನುವುದು ವರ್ಷಗಳ ಕೆಲಸ. ಅಂದು ಫಲಕ ಹಿಡಿದ ಇಪ್ಪತ್ತರ ಹುಡುಗರು ಈಗ ಮೂವತ್ತರ ಅಂಚಿನಲ್ಲಿದ್ದಾರೆ, ಹಲವರು ಊರನ್ನೇ ಬಿಟ್ಟಿರಬಹುದು.

ನಿಮ್ಮ ಹಳ್ಳಿಯಲ್ಲೂ ಹಾಗೆಯೇ ಆಗುತ್ತದೆ. ಬಸ್ಸಿನ ಲೆಕ್ಕ ಬರೆದ ಆ ಹುಡುಗಿ ಈಗ ಬಿ.ಎಡ್. ಓದಲು ಬೇರೆ ಊರಿನಲ್ಲಿದ್ದಾಳೆ. ಹೋಗುವ ಮುನ್ನ ಮಾಡಿದ ಒಂದು ಕೆಲಸವನ್ನು ಮಾತ್ರ ನೀವೂ ಮಾಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಈಗಿನ ಅರಿವು ಕೇಂದ್ರಗಳು, 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗಿವೆ. ಅಲ್ಲಿಯ ಮೇಲ್ವಿಚಾರಕರನ್ನು ಕೇಳಿ ಕಪಾಟಿನಲ್ಲಿ ಒಂದು ಫೈಲಿಗೆ ಜಾಗ ಪಡೆದಳು. ಒಳಗೆ ಎಣಿಕೆಯ ನೋಟ್‌ಬುಕ್ಕು, ಮುದ್ರೆ ಬಿದ್ದ ನಾಲ್ಕು ಅರ್ಜಿ, ಬಂದ ಎರಡು ಉತ್ತರ. ಮೊದಲ ಹಾಳೆಯಲ್ಲಿ ತಾರೀಖಿನ ಸಮೇತ ಹೀಗೆ ಬರೆದಿದ್ದಾಳೆ: ಸಂಜೆ ಬಸ್ಸಿನ ವಿಷಯ ಬಾಕಿ ಇದೆ, ಅರ್ಜಿ ಕೊಟ್ಟಿಲ್ಲ, ಮೊದಲು ಎಣಿಸಬೇಕು. ಕೆಳಗೆ ಪಿಯುಸಿಯ ಇಬ್ಬರ ಹೆಸರು, ಸೋಮವಾರದಿಂದ ಅವರ ಸರದಿ.